ಟಾಕಿ ಬಂದದ್ದಕ್ಕೇ ಬಸ್ಟರ್ ಕೀಟನ್ ಮೂಲೆಗೆ ಬಿದ್ದರಾ?

ತಿಪಟೂರು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನವರಿಗೆ ಆಗಾಗ ಒಂದು ಸಿನಿಮಾ ತೋರಿಸುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟುತ್ತೇವೆ, ಗೋಡೆಯೇ ಪರದೆ.

ಹೋದ ವಾರ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್ ಅವರ ‘ದಿ ಜನರಲ್’ ಹಾಕಿದೆ. 1926ರ ಮೂಕಿ ಸಿನಿಮಾ. ಮಾತಿಲ್ಲ, ಬಣ್ಣವಿಲ್ಲ, ಹತ್ತು ನಿಮಿಷಕ್ಕೆ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟುಬಿಡುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ಏಳಲಿಲ್ಲ. ಉರಿಯುವ ಸೇತುವೆ ಮೇಲೆ ರೈಲು ಬಂದು, ಸೇತುವೆ ಮುರಿದು, ಇಂಜಿನ್ ನದಿಗೆ ಬಿದ್ದಾಗ ಇಡೀ ಕ್ಲಾಸು ‘ಹೋ’ ಎಂದಿತು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳು.

ಸರ್, ಆ ರೈಲು ನಿಜವಾದದ್ದಾ, ಗೊಂಬೆಯದಾ? ಸರ್, ಅವರು ಯಾಕೆ ಒಂದ್ಸಲಾನೂ ನಗಲ್ಲ? ಒಬ್ಬಳು ಕೊನೆಯಲ್ಲಿ ಮೆಲ್ಲಗೆ ಕೇಳಿದಳು: ‘ಆಮೇಲೆ ಅವರು ಏನಾದ್ರು ಸರ್?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಟಾಕಿ, ಅಂದರೆ ಮಾತಿನ ಸಿನಿಮಾ ಬಂದ ಮೇಲೆ ಅವರ ಕಾಲ ಮುಗಿಯಿತು, ಕುಡಿತಕ್ಕೆ ಬಿದ್ದರು ಎಂದು ಎಲ್ಲೋ ಓದಿದ ನೆನಪು. ಅದನ್ನೇ ಹೇಳಿದೆ. ಆದರೆ ಮನಸ್ಸಿಗೆ ಸಮಾಧಾನವಿಲ್ಲ. ಅಷ್ಟು ತಲೆ ಇರುವ ಮನುಷ್ಯನಿಗೆ ಮಾತಾಡಲು ಬರದೇ ಹೋಯಿತಾ? ಮುಂದಿನ ಶನಿವಾರದೊಳಗೆ ತಿಳಿದವರು ಹೇಳಿ. ಮಕ್ಕಳಿಗೆ ತಪ್ಪು ಹೇಳಿದ್ದರೆ ತಿದ್ದಬೇಕು.

ಹಳೇ ರೀಲು:

ಮೇಷ್ಟ್ರೇ, ನೀವು ಹೇಳಿದ್ದು ಸರಿಯಾಗೇ ಇದೆ. ಮೂಕಿ ಕಾಲದ ಎಷ್ಟೋ ಜನರ ಕಥೆ ಅದೇ. ಮುಖದಲ್ಲೇ ಎಲ್ಲ ಹೇಳುತ್ತಿದ್ದರು, ಮೈಕ್ ಮುಂದೆ ನಿಲ್ಲಿಸಿದಾಗ ದನಿ ಹೊಂದಲಿಲ್ಲ. ಕೀಟನ್ ದನಿಯೂ ಗಡಸು ಅಲ್ವಾ? ಬೇರೆ ಕಾರಣ ಹುಡುಕುವುದು ಬೇಡ ಅನಿಸುತ್ತದೆ.

ಕಂಪನಿಮನೆ ಮಗಳು:

ಮೇಷ್ಟ್ರೇ, ದಯವಿಟ್ಟು ಮಕ್ಕಳಿಗೆ ಹೇಳಿದ್ದನ್ನು ತಿದ್ದಿ. ಮೇಲಿನವರು ಹೇಳಿದ್ದು ಬೇರೆ ಕೆಲವರ ವಿಷಯದಲ್ಲಿ ನಿಜ ಇರಬಹುದು, ಕೀಟನ್ ವಿಷಯದಲ್ಲಿ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಈ ಮನುಷ್ಯನನ್ನು ನಾನು ಮನೆಯವರ ಹಾಗೆ ನೋಡುತ್ತೇನೆ.

ನಾನು ಹುಟ್ಟಿದ್ದು ಕಂಪನಿ ನಾಟಕದವರ ಮನೆಯಲ್ಲಿ. ಅಪ್ಪ ಹಾಸ್ಯದ ಪಾರ್ಟು ಮಾಡುತ್ತಿದ್ದರು. ನಾನು ನಾಲ್ಕನೇ ವಯಸ್ಸಿಗೆ ಲೋಹಿತಾಶ್ವ, ಆರಕ್ಕೆ ಪ್ರಹ್ಲಾದ. ಪ್ರಹ್ಲಾದನನ್ನು ಬೆಟ್ಟದ ಮೇಲಿಂದ ತಳ್ಳುವ ಸೀನು ಇರುತ್ತದಲ್ಲ, ಅಟ್ಟಣಿಗೆ ಮೇಲಿಂದ ನನ್ನನ್ನು ನಿಜವಾಗಿಯೂ ತಳ್ಳುತ್ತಿದ್ದರು. ಪರದೆ ಹಿಂದೆ ಹಾಸಿಗೆ ಪೇರಿಸಿರುತ್ತಿದ್ದರು. ಅಪ್ಪ ದಿನಾ ಹೇಳುತ್ತಿದ್ದದ್ದು ಒಂದೇ: ‘ಬೀಳುವಾಗ ಮೈ ಬಿಗಿ ಹಿಡೀಬೇಡ ಕಂದಾ, ಒದ್ದೆ ಬಟ್ಟೆ ಥರ ಬಿಡು.’ ಒಂದು ರಾತ್ರಿ ಹಾಸಿಗೆ ಸರಿಯಾಗಿ ಹಾಕಿರಲಿಲ್ಲ. ಮುಂದಿನ ಹಲ್ಲು ಅರ್ಧ ಹೋಯಿತು. ಈಗಲೂ ಹಾಗೇ ಇದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಕೀಟನ್ ಕೂಡ ಇದೇ ಥರದ ಮನೆಯವರು. 1895ರ ಅಕ್ಟೋಬರ್ 4ರಂದು ಅಮೆರಿಕದ ಕ್ಯಾನ್ಸಸ್‌ನ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಅದು ಅವರ ಊರೇನಲ್ಲ. ಅಪ್ಪ ಜೋ, ಅಮ್ಮ ಮೈರಾ ಔಷಧಿ ಮಾರುವ ಒಂದು ತಿರುಗಾಟದ ಮೇಳದಲ್ಲಿದ್ದರು. ಮೇಳ ಅಲ್ಲಿದ್ದಾಗ ಹೆರಿಗೆಯಾಯಿತು, ಅಷ್ಟೇ. ನನ್ನ ತಮ್ಮನೂ ಹಾಗೇ ಕ್ಯಾಂಪಿನಲ್ಲೇ ಹುಟ್ಟಿದವನು.

ಮಗು ನಡೆಯುವಷ್ಟಾದ ಮೇಲೆ ‘ತ್ರೀ ಕೀಟನ್ಸ್’ ಅಂತ ಮೂವರ ಆಟ ಶುರುವಾಯಿತು. ಅಮ್ಮ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಮಗ ಅಪ್ಪನನ್ನು ಕೆಣಕುವುದು, ಅಪ್ಪ ಮಗನನ್ನು ಎತ್ತಿ ಎಸೆಯುವುದು, ಆಟ ಇಷ್ಟೇ. ಸೀನರಿ ಮೇಲೆ, ವಾದ್ಯದವರು ಕೂರುವ ಗುಂಡಿಗೆ, ಎಲ್ಲಿಗೆ ಬೇಕಾದರೂ. ಎತ್ತಲು ಅನುಕೂಲವಾಗಲಿ ಎಂದು ಹುಡುಗನ ಕೋಟಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆ ಹೊಲಿದಿದ್ದರು. ಹಿಡಿಕೆ! ಮಕ್ಕಳಿಗೆ ಹಿಂಸೆಯಾಗುತ್ತಿದೆ ಎಂದು ನ್ಯೂಯಾರ್ಕಿನ ಮಕ್ಕಳ ರಕ್ಷಣಾ ಸಂಘದವರು ಬೆನ್ನು ಹತ್ತಿದರು. ಹುಡುಗನ ಮೈಮೇಲೆ ಗಾಯ ಹುಡುಕಿದರೆ ಸಿಗುತ್ತಿರಲಿಲ್ಲ. ಬೀಳುವುದು ಹೇಗೆ ಎಂದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ನಿಮ್ಮ ಮಕ್ಕಳ ನಗುವಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎಸೆಸಿಕೊಂಡು ಎದ್ದು ತಾನೇ ನಕ್ಕರೆ ಜನ ನಗುತ್ತಿರಲಿಲ್ಲ. ಮುಖ ಗಂಭೀರವಾಗಿ ಇಟ್ಟುಕೊಂಡರೆ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಇದನ್ನು ಆ ಹುಡುಗ ಸ್ಟೇಜ್ ಮೇಲೆ ನಿಂತೇ ಕಂಡುಕೊಂಡ. ನಮ್ಮಪ್ಪನೂ ಇದನ್ನೇ ಹೇಳುತ್ತಿದ್ದರು, ಕೀಟನ್ ಹೆಸರೂ ಕೇಳದೆ: ‘ನಗೋದು ಜನದ ಕೆಲಸ, ಅದನ್ನ ನೀನು ಕಿತ್ಕೋಬೇಡ.’

ಸಿನಿಮಾಗೆ ಬಂದದ್ದು 1917ರಲ್ಲಿ. ಅಪ್ಪನ ಕುಡಿತ ಜಾಸ್ತಿಯಾಗಿ ಮನೆಯ ಆಟ ಮುರಿದುಬಿದ್ದಿತ್ತು. ನ್ಯೂಯಾರ್ಕಿನಲ್ಲಿ ಒಂದು ದೊಡ್ಡ ಸ್ಟೇಜ್ ಶೋಗೆ ವಾರಕ್ಕೆ 250 ಡಾಲರ್ ಸಂಬಳ ಗೊತ್ತಾಗಿತ್ತು. ಅಷ್ಟರಲ್ಲಿ ರಾಸ್ಕೋ ಆರ್ಬಕಲ್ ಸಿಕ್ಕಿದರು, ಆಗಿನ ದೊಡ್ಡ ಹಾಸ್ಯನಟ. ಅವರ ‘ದಿ ಬುಚರ್ ಬಾಯ್’ ಶೂಟಿಂಗ್‌ಗೆ ಹೋದವರು ಅಂದೇ ಕ್ಯಾಮೆರಾ ಮುಂದೆ ನಿಂತರು. ಕಾಲು ಕಾಕಂಬಿಗೆ ಅಂಟಿಕೊಳ್ಳುವ ಸೀನು. ಆಮೇಲೆ ಒಂದು ಕ್ಯಾಮೆರಾ ಕೇಳಿ ಪಡೆದು, ರೂಮಿಗೆ ಒಯ್ದು, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರಂತೆ. ಸಿನಿಮಾದಲ್ಲಿ ಸಿಗುವುದು ವಾರಕ್ಕೆ 40 ಡಾಲರ್. 250 ಬಿಟ್ಟು 40ಕ್ಕೆ ಬಂದರು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1920ರಿಂದ ಸ್ವಂತ ಸ್ಟುಡಿಯೊ. ದುಡ್ಡಿನ ಕಡೆ ಜೋಸೆಫ್ ಶೆಂಕ್ ನೋಡಿಕೊಳ್ಳುತ್ತಿದ್ದರು, ಇವರ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ‘ಒನ್ ವೀಕ್’, ‘ಶೆರ್ಲಾಕ್ ಜೂನಿಯರ್’, ‘ದಿ ನ್ಯಾವಿಗೇಟರ್’, ‘ದಿ ಜನರಲ್’ ಎಲ್ಲ ಹೀಗೆ ಬಂದವು. ಕಾಗದದ ಮೇಲೆ ಕಥೆ ಅಂತ ಇರುತ್ತಿರಲಿಲ್ಲ. ಮೊದಲು ಒಂದು ಶುರು ಸಿಗಬೇಕು, ಆಮೇಲೆ ಒಂದು ಮುಕ್ತಾಯ. ನಡುವಿನದು ತಾನಾಗಿ ಬರುತ್ತದೆ ಎನ್ನುತ್ತಿದ್ದರು. ಹೊಸದು ಹೊಳೆಯದಿದ್ದರೆ ಎಲ್ಲರೂ ಬೇಸ್‌ಬಾಲ್ ಆಡುತ್ತಿದ್ದರು. ಹೊಳೆದ ತಕ್ಷಣ ಬ್ಯಾಟು ಬಿಸಾಕಿ ಕ್ಯಾಮೆರಾ ಹತ್ತಿರ ಓಡುತ್ತಿದ್ದರು.

ಆ ಚಪ್ಪಟೆ ಟೋಪಿ ಕೂಡ ಅವರ ಕೈಯದೇ. ಅಂಗಡಿಯ ಒಳ್ಳೆ ಫೆಲ್ಟ್ ಟೋಪಿ ತಂದು ನೆತ್ತಿ ತಗ್ಗಿಸಿ, ಅಂಚು ಕತ್ತರಿಸಿ, ಸಕ್ಕರೆ ನೀರು ಸವರಿ ಒಣಗಿಸುತ್ತಿದ್ದರು. ಒಣಗಿದ ಮೇಲೆ ಅಂಚು ಹಲಗೆಯ ಹಾಗೆ ಗಟ್ಟಿ ನಿಲ್ಲುತ್ತದೆ. ನಮ್ಮ ಕಂಪನಿಯಲ್ಲಿ ಕಿರೀಟಕ್ಕೆ ಹುಣಸೆಬೀಜದ ಗೋಂದು ಹಚ್ಚುತ್ತಿದ್ದರು. ಕೈಯಲ್ಲೇ ಮಾಡಿಕೊಂಡ ಟೋಪಿ ನೋಡಿದಾಗೆಲ್ಲ ನನಗೆ ಆ ವಾಸನೆ ನೆನಪಾಗುತ್ತದೆ.

ಈಗ ಟಾಕಿ ವಿಷಯ. 1928ರಲ್ಲಿ ಶೆಂಕ್ ಸ್ವಂತ ಸ್ಟುಡಿಯೊ ಮುಚ್ಚಿ ಕೀಟನ್‌ರನ್ನು ಎಂಜಿಎಂ ಎಂಬ ದೊಡ್ಡ ಸಿನಿಮಾ ಕಂಪನಿಗೆ ಹೋಗಲು ಹೇಳಿದರು. ಆಗಿನ ಹಾಸ್ಯನಟರಾದ ಚಾಪ್ಲಿನ್, ಹೆರಾಲ್ಡ್ ಲಾಯ್ಡ್ ಇಬ್ಬರೂ ಬೇಡ ಎಂದು ಎಚ್ಚರಿಸಿದ್ದರು. ಆದರೂ ಸಹಿ ಹಾಕಿದರು. ತನ್ನ ಬದುಕಿನ ಅತಿ ದೊಡ್ಡ ತಪ್ಪು ಎಂದು ಮುಂದೆ ತಾವೇ ಹೇಳಿಕೊಂಡದ್ದು ಈ ಸಹಿಯನ್ನು, ಟಾಕಿಯನ್ನಲ್ಲ.

ಅಲ್ಲಿ ಮೊದಲು ಮಾಡಿದ ‘ದಿ ಕ್ಯಾಮೆರಾಮ್ಯಾನ್’ ಚೆನ್ನಾಗಿಯೇ ಇದೆ, ಅದು ಮೂಕಿ. ಮುಂದಿನದು 1929ರ ‘ಸ್ಪೈಟ್ ಮ್ಯಾರೇಜ್’. ಅದನ್ನು ಟಾಕಿಯಾಗಿ ಮಾಡೋಣ ಎಂದು ಕೇಳಿದವರು ಯಾರು ಗೊತ್ತೇ? ಕೀಟನ್ನೇ! ಬೇಡ ಎಂದದ್ದು ಸ್ಟುಡಿಯೊ. ಮಾತಿಗೆ ಹೆದರಿದವರು ಹೀಗೆ ಕೇಳುತ್ತಾರಾ? ಮೂರ್ನಾಲ್ಕನೇ ವಯಸ್ಸಿನಿಂದ ಸ್ಟೇಜ್ ಮೇಲೆ ಇದ್ದವರು ಅವರು. ದನಿ ಗಡಸು, ಒಪ್ಪುತ್ತೇನೆ. ಆ ಮುಖಕ್ಕೆ ಹೇಳಿ ಮಾಡಿಸಿದ ದನಿ ಅದು.

ಟಾಕಿಗಳು ಬಂದ ಮೇಲೂ ಅವರ ಸಿನಿಮಾ ಓಡಿದವು. ಮೂಕಿಯಲ್ಲಿ ಬಂದದ್ದಕ್ಕಿಂತ ಹೆಚ್ಚು ದುಡ್ಡು ಬಂತು. ನಿಜವಾದ ಕೇಡು ಅದೇ. ಸ್ಟುಡಿಯೊಗೆ ತಾನು ಮಾಡುತ್ತಿರುವುದು ಸರಿ ಅನಿಸಿಬಿಟ್ಟಿತು. ಯಾರೋ ಬರೆದ ಸ್ಕ್ರಿಪ್ಟು ಕೈಗೆ ಕೊಟ್ಟು, ಇಲ್ಲಿ ನಿಲ್ಲು, ಇದನ್ನು ಹೇಳು ಎಂದರು. ಬೀಳುವ ಕೆಲಸಕ್ಕೆ ಅಪಾಯ ಎಂದು ಬೇರೆಯವರನ್ನು ಇಟ್ಟರು. ಇಂಗ್ಲಿಷ್ ಮುಗಿಸಿ ಅದೇ ಸೀನನ್ನು ಸ್ಪ್ಯಾನಿಷ್, ಫ್ರೆಂಚ್‌ನಲ್ಲಿ ಬಾಯಿಪಾಠ ಮಾಡಿಸಿ ಮತ್ತೆ ತೆಗೆದರು. ವಾರಕ್ಕೆ 3000 ಡಾಲರ್ ಸಂಬಳ, ಸಿನಿಮಾ ಬೇಯುವ ಅಡುಗೆಮನೆಗೆ ಮಾತ್ರ ಪ್ರವೇಶವಿಲ್ಲ. ಕೈಗೆ ಕೆಲಸ ಸಿಗುತ್ತದೆ ಎಂದು 40 ಡಾಲರಿಗೆ ಬಂದಿದ್ದ ಮನುಷ್ಯನಿಗೆ ಇದು ಎಂಥ ಶಿಕ್ಷೆ ಯೋಚಿಸಿ.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. 1921ರಲ್ಲಿ ಮದುವೆಯಾಗಿದ್ದ ನಟಾಲಿ ಟಾಲ್ಮಾಡ್ಜ್ 1932ರಲ್ಲಿ ವಿಚ್ಛೇದನ ಪಡೆದರು, ಇಬ್ಬರು ಗಂಡುಮಕ್ಕಳ ಹೆಸರಿನಿಂದ ‘ಕೀಟನ್’ ತೆಗೆಸಿ ತಮ್ಮ ಮನೆತನದ ಹೆಸರು ಸೇರಿಸಿದರು. ಕುಡಿತ ಮಿತಿಮೀರಿತು. 1933ರಲ್ಲಿ ಸ್ಟುಡಿಯೊ ಹೊರಗೆ ಹಾಕಿತು. ಇದರ ಬಗ್ಗೆ ಇಷ್ಟು ಸಾಕು. ಮಕ್ಕಳಿಗೂ ಇಷ್ಟೇ ಹೇಳಿ.

ಹಳೇ ರೀಲು:

ಸ್ಪೈಟ್ ಮ್ಯಾರೇಜ್ ವಿಷಯ ನನಗೆ ಗೊತ್ತಿರಲಿಲ್ಲ ಅಕ್ಕ. ಹಾಗಾದರೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಅನುಮಾನ. ಎಂಜಿಎಂ ಬರುವ ಮುಂಚೆಯೇ ‘ದಿ ಜನರಲ್’ ಸೋತಿತ್ತಲ್ವಾ?

ಕಂಪನಿಮನೆ ಮಗಳು:

ಹೌದು, ಸೋತಿತ್ತು. ಆಗಿನ ವಿಮರ್ಶಕರಿಗೂ ಅದು ರುಚಿಸಲಿಲ್ಲ. ತುಂಬಾ ಖರ್ಚಾದ ಸಿನಿಮಾ. ಶೆಂಕ್ ಸ್ಟುಡಿಯೊ ಮುಚ್ಚುವುದಕ್ಕೆ ಅದೂ ಒಂದು ಕಾರಣ ಅಂತ ನನಗನಿಸುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಸೋತ ಮೇಲೂ ಅವರು ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಮಾಡಿದರು ನೋಡಿ. ಮನೆಯ ಇಡೀ ಮುಂಗೋಡೆ ಅವರ ಮೇಲೆ ಬೀಳುತ್ತದೆ. ಅಟ್ಟದ ಕಿಟಕಿ ಸರಿಯಾಗಿ ತಲೆಯ ಮೇಲೆ ಬಂದು ಇವರು ಉಳಿಯುತ್ತಾರೆ. ಎರಡು ಟನ್ ತೂಕದ ಗೋಡೆ ಎನ್ನುತ್ತಾರೆ. ಭುಜದ ಆಚೀಚೆ ಎರಡು ಇಂಚು ಜಾಗ. ನಿಲ್ಲುವ ಜಾಗಕ್ಕೆ ಗುರುತಾಗಿ ನೆಲದಲ್ಲಿ ಒಂದು ಮೊಳೆ. ಗೋಡೆ ಬಿದ್ದಾಗ ಅವರು ಕಣ್ಣೂ ಮಿಟುಕಿಸುವುದಿಲ್ಲ. ಆ ಮೊಳೆಯ ಮೇಲೆ ನಂಬಿಕೆ ಇದ್ದವನಿಗೆ ಮಾತ್ರ ಹಾಗೆ ನಿಲ್ಲಲು ಆಗುವುದು.

ಮೇಷ್ಟ್ರೇ, ಇನ್ನೊಂದು ಮಾತು ಮಕ್ಕಳಿಗೆ ಹೇಳಲೇಬೇಕು. ‘ದಿ ಜನರಲ್’ನ ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕಡೆ. ಗುಲಾಮಗಿರಿ ಉಳಿಯಬೇಕೆಂದು ಹೋರಾಡಿದ ಕಡೆ ಅದು. ನಾನು ಆ ಸಿನಿಮಾವನ್ನು ಎಷ್ಟು ಪ್ರೀತಿಸಿದರೂ ಆ ಬಾವುಟ ಹಾರುವಾಗ ಮನಸ್ಸು ಹಿಂಜರಿಯುತ್ತದೆ. ಒಂಬತ್ತನೇ ಕ್ಲಾಸಿನವರಿಗೆ ಅರ್ಥವಾಗುತ್ತದೆ, ಹೇಳಿ.

ಹಳೇ ಫೈರ್‌ಮನ್, ಅರಸೀಕೆರೆ:

ರೈಲಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ನಾನು ಮೀಟರ್‌ಗೇಜ್ ಸ್ಟೀಮ್ ಇಂಜಿನ್ನಿನಲ್ಲಿ ಕಲ್ಲಿದ್ದಲು ಎಸೆದವನು, ಆಮೇಲೆ ಡ್ರೈವರ್ ಆಗಿ ರಿಟೈರ್ ಆದವನು. ಮೊಮ್ಮಗ ಈ ಸಿನಿಮಾ ತೋರಿಸಿದಾಗ ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದೆ.

ಆ ರೈಲು ನಿಜವಾದದ್ದೇ ಸರ್. ಗೊಂಬೆಯಲ್ಲ. ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿನ ಹತ್ತಿರ, ರೌ ನದಿಯ ಮೇಲೆ ಸೇತುವೆ ಕಟ್ಟಿ, ಬೆಂಕಿ ಹಚ್ಚಿ, ಇಂಜಿನ್ ಬಿಟ್ಟರು. 1926ರ ಜುಲೈ. ನೋಡಲು ಸಾವಿರಾರು ಜನ ಸೇರಿದ್ದರಂತೆ. ಆ ಒಂದು ಶಾಟಿಗೆ 42,000 ಡಾಲರ್ ಎಂದು ಲೆಕ್ಕ ಹೇಳುತ್ತಾರೆ. ಒಂದೇ ಟೇಕ್, ಇನ್ನೊಂದು ಇಂಜಿನ್ ಎಲ್ಲಿಂದ ತರುವುದು? ಬಿದ್ದ ಇಂಜಿನ್ ವರ್ಷಗಟ್ಟಲೆ ನದಿಯಲ್ಲೇ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಬ್ಬಿಣಕ್ಕೆಂದು ತೆಗೆದರು. ಇಂಜಿನ್ ಮುಗುಚುವುದನ್ನು ನೋಡಿ ನನಗೆ ಮಾತ್ರ ಹೊಟ್ಟೆ ಉರಿಯಿತು.

ಆದರೆ ನನ್ನ ಎದೆ ಹೊಡೆದುಕೊಂಡದ್ದು ಬೇರೆ ಕಡೆ. ಹುಡುಗಿ ತನ್ನನ್ನು ಬೇಡ ಎಂದು ಹೋದ ಮೇಲೆ ಕೀಟನ್ ಬೇಜಾರಿನಲ್ಲಿ ಚಕ್ರಗಳನ್ನು ಜೋಡಿಸುವ ರಾಡಿನ ಮೇಲೆ ಕೂರುತ್ತಾರೆ. ಇಂಜಿನ್ ಹೊರಡುತ್ತದೆ. ರಾಡಿನ ಜೊತೆ ಅವರೂ ಮೇಲೆ ಹೋಗಿ ಕೆಳಗೆ ಬರುತ್ತಾರೆ, ಅವರಿಗೆ ಗೊತ್ತೇ ಆಗುವುದಿಲ್ಲ. ಜನ ನಗುತ್ತಾರೆ. ಸ್ಟೀಮ್ ಇಂಜಿನ್ ಓಡಿಸಿದವರು ನಗುವುದಿಲ್ಲ. ನಿಂತ ಇಂಜಿನ್ನಿಗೆ ಹಬೆ ಬಿಡುವ ರೆಗ್ಯುಲೇಟರ್ ಒಂದು ಚೂರು ಜಾಸ್ತಿ ತೆರೆದರೆ ಚಕ್ರ ಸ್ಲಿಪ್ ಆಗುತ್ತದೆ. ಗಾಡಿ ನಿಂತಲ್ಲೇ ನಿಂತು ಚಕ್ರ ಗಿರಗಿರ ತಿರುಗುತ್ತದೆ, ರಾಡು ಕಣ್ಣಿಗೆ ಕಾಣುವುದಿಲ್ಲ. ಮಳೆ ಬಿದ್ದ ಬೆಳಗ್ಗೆ ಏರಿನಲ್ಲಿ ನಮಗೆ ಎಷ್ಟು ಸಲ ಆಗಿಲ್ಲ! ಹಳಿಗೆ ಮರಳು ಬಿಟ್ಟು, ದೇವರ ಹೆಸರು ಹೇಳಿ ಎತ್ತುತ್ತಿದ್ದೆವು. ಅಂಥ ರಾಡಿನ ಮೇಲೆ ಮನುಷ್ಯ ಕೂತಿದ್ದರೆ ಮುಗಿಯಿತು. ಆ ಇಂಜಿನ್ ಹೊರಡಿಸಿದ ಡ್ರೈವರ್ ಯಾರೋ, ಅವನ ಕೈಗೆ ಒಂದು ನಮಸ್ಕಾರ.

ಸ್ಲೀಪರ್, ಅಂದರೆ ಹಳಿ ಕೆಳಗೆ ಹಾಸುವ ಮರದ ದಿಮ್ಮಿ, ಅದರ ಸೀನನ್ನೂ ಮಕ್ಕಳಿಗೆ ಇನ್ನೊಮ್ಮೆ ತೋರಿಸಿ, ನೀವು ವಿಜ್ಞಾನದವರಲ್ಲವೇ. ಇಂಜಿನ್ ಮುಂದೆ ಕೂತು ಒಂದು ಸ್ಲೀಪರ್ ತಬ್ಬಿಕೊಂಡಿರುತ್ತಾರೆ. ಹಳಿಗೆ ಅಡ್ಡ ಇನ್ನೊಂದು ಬಿದ್ದಿದೆ. ಕೈಯಲ್ಲಿರುವುದನ್ನು ಎತ್ತಿ ಬಿದ್ದಿರುವುದರ ತುದಿಗೆ ಹೊಡೆಯುತ್ತಾರೆ, ಎರಡೂ ಚಿಮ್ಮಿ ಆಚೆ ಹೋಗುತ್ತವೆ. ಸನ್ನೆಗೋಲಿನ ಪಾಠ ಅಷ್ಟೇ. ನಮ್ಮಲ್ಲಿ ಒಂದು ಮರದ ಸ್ಲೀಪರ್ ಹೊರಲು ಇಬ್ಬರು ಗ್ಯಾಂಗ್‌ಮನ್‌ಗಳು ಬೇಕಿತ್ತು.

ಇನ್ನೊಂದು. ಸಾಯುವ ಮುಂಚೆ ಅವರು ಮತ್ತೆ ಹಳಿ ಹತ್ತಿದರು. ಕೆನಡಾದ ರಾಷ್ಟ್ರೀಯ ಚಿತ್ರ ಮಂಡಳಿಯವರು 1964ರಲ್ಲಿ ತೆಗೆದ ‘ದಿ ರೈಲ್‌ರಾಡರ್’. ಹಳಿ ನೋಡಿಕೊಳ್ಳುವ ನಮ್ಮ ಪಿಡಬ್ಲ್ಯೂಐ ಸಾಹೇಬರು ಲೈನ್ ನೋಡಲು ಹೋಗುತ್ತಿದ್ದರಲ್ಲ, ಅಂಥದ್ದೇ ಮೋಟಾರ್ ಟ್ರಾಲಿ ಮೇಲೆ ದೇಶದ ಈ ಸಮುದ್ರದಿಂದ ಆ ಸಮುದ್ರದವರೆಗೆ ಒಬ್ಬರೇ ಹೋಗುತ್ತಾರೆ. ಒಂದು ಮಾತೂ ಇಲ್ಲ. ಟ್ರಾಲಿ ಮೇಲೇ ಟೀ ಕುಡಿಯುತ್ತಾರೆ, ಬಟ್ಟೆ ಒಗೆಯುತ್ತಾರೆ. ವಯಸ್ಸು 68, 69. ಮನೆಯ ಹಿತ್ತಲಲ್ಲೂ ಆಟದ ರೈಲು ಹಳಿ ಹಾಕಿಕೊಂಡು, ಬಂದ ಅತಿಥಿಗಳಿಗೆ ತಿಂಡಿ ಅದರಲ್ಲೇ ಕಳಿಸುತ್ತಿದ್ದರಂತೆ.

ಕಂಪನಿಮನೆ ಮಗಳು:

ಅಣ್ಣಾ, ರಾಡಿನ ಸೀನನ್ನು ನಾನು ಇಷ್ಟು ವರ್ಷ ಸುಮ್ನೆ ನಕ್ಕು ನೋಡಿದ್ದೆ. ಇನ್ನು ಹಾಗೆ ನೋಡಲು ಆಗುವುದಿಲ್ಲ.

ಆ ಹುಡುಗಿಯ ‘ಆಮೇಲೆ ಏನಾದ್ರು’ ಪ್ರಶ್ನೆಗೆ ಉಳಿದದ್ದನ್ನು ಹೇಳಿಬಿಡುತ್ತೇನೆ. ಎಂಜಿಎಂಗೆ ಮತ್ತೆ ಬಂದರು, ಆದರೆ ಬೇರೆಯವರ ಸಿನಿಮಾಗಳಿಗೆ ಹಾಸ್ಯ ಹೊಸೆದು ಕೊಡುವವರಾಗಿ, ವಾರಕ್ಕೆ 100 ಡಾಲರಿಗೆ. ಆ ದಿನಗಳಲ್ಲೇ ಎಲಿನಾರ್ ನಾರಿಸ್ ಎಂಬ ಡ್ಯಾನ್ಸರ್ ಪರಿಚಯ. 1940ರಲ್ಲಿ ಮದುವೆ. ಆಕೆಗೆ 21, ಇವರಿಗೆ 44. ಹೆಚ್ಚು ದಿನ ಬಾಳುವುದಿಲ್ಲ ಎಂದವರೇ ಎಲ್ಲ. ಕೊನೆಯ ದಿನದವರೆಗೂ ಆಕೆ ಜೊತೆಗಿದ್ದರು. ಪ್ಯಾರಿಸಿನ ಮೆಡ್ರಾನೊ ಸರ್ಕಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಆಡಿದರು. ಅಲ್ಲಿಂದ ಜನ ಮತ್ತೆ ಅವರನ್ನು ನೋಡತೊಡಗಿದರು. 1952ರಲ್ಲಿ ಚಾಪ್ಲಿನ್ ತಮ್ಮ ‘ಲೈಮ್‌ಲೈಟ್’ಗೆ ಕರೆದರು. ಇಬ್ಬರೂ ಒಟ್ಟಿಗೆ ನಟಿಸಿದ್ದು ಅದೊಂದರಲ್ಲೇ.

ಸಿನಿಮಾಗಳ ಕಥೆ ಇನ್ನೂ ವಿಚಿತ್ರ. ಹಳೇ ಕಾಲದ ನೈಟ್ರೇಟ್ ರೀಲು ಬೇಗ ಕೊಳೆಯುತ್ತದೆ, ಕಿಡಿ ತಾಗಿದರೆ ಧಗ್ಗೆನ್ನುತ್ತದೆ. ಕೀಟನ್‌ರ ಹಳೇ ಬಂಗಲೆಯನ್ನು ಜೇಮ್ಸ್ ಮೇಸನ್ ಎಂಬ ನಟ ಕೊಂಡಿದ್ದರು. ಅಲ್ಲೇ ಬಿದ್ದಿದ್ದ ರೀಲುಗಳು ಅವರ ಕಣ್ಣಿಗೆ ಬಿದ್ದವು. ರೇಮಂಡ್ ರೊಹಾವರ್ ಎಂಬವರು ಅಂಥವನ್ನೆಲ್ಲ ಕಲೆಹಾಕಿ ಹೊಸ ಪ್ರಿಂಟ್ ಮಾಡಿಸಿದರು. 1960ರ ಏಪ್ರಿಲ್‌ನಲ್ಲಿ ಗೌರವ ಆಸ್ಕರ್ ಬಂತು. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. 1966ರ ಫೆಬ್ರವರಿ 1ರಂದು, ಎಪ್ಪತ್ತರಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ಆ ಮಗುವಿಗೆ ಹೇಳಿ ಮೇಷ್ಟ್ರೇ, ಕೊನೆವರೆಗೂ ಕೆಲಸ ಮಾಡುತ್ತಿದ್ದರು ಎಂದು.

ತಿಪಟೂರು ಮೇಷ್ಟ್ರು:

ಎಲ್ಲರಿಗೂ ಕೈಮುಗಿದೆ. ಇವತ್ತು ಶನಿವಾರ, ಈಗಷ್ಟೇ ಶಾಲೆಯಿಂದ ಬಂದೆ.

ಮೊದಲು ಹೋದ ವಾರ ಹೇಳಿದ್ದು ತಪ್ಪು ಎಂದೆ. ಕೋಟಿನ ಹಿಡಿಕೆಯಿಂದ ಶುರುಮಾಡಿ, 250 ಬಿಟ್ಟು 40ಕ್ಕೆ ಬಂದದ್ದು, ಆಮೇಲೆ ಸಹಿ ಹಾಕಿದ್ದು, ಎಲ್ಲ ಹೇಳಿದೆ. ದಕ್ಷಿಣದವರ ಬಾವುಟದ ವಿಷಯಕ್ಕೆ ಒಳ್ಳೆ ಚರ್ಚೆಯೇ ನಡೆಯಿತು. ‘ಹಾಗಾದ್ರೆ ಹೀರೋ ಮಾಡಿದ್ದು ತಪ್ಪಲ್ವಾ’ ಎಂದು ಒಬ್ಬ ಪಟ್ಟು ಹಿಡಿದ. ತಪ್ಪೇ ಎಂದೆ. ರಾಡಿನ ಸೀನನ್ನು ಮತ್ತೆ ಹಾಕಿ ಫೈರ್‌ಮನ್ ಸಾಹೇಬರು ಬರೆದದ್ದನ್ನು ಓದಿದೆ. ಈ ಸಲ ಯಾರೂ ನಗಲಿಲ್ಲ, ಉಸಿರು ಬಿಗಿಹಿಡಿದು ನೋಡಿದರು. ಸ್ಲೀಪರ್ ಬದಲು ಎರಡು ಸ್ಕೇಲು ಇಟ್ಟು ಸನ್ನೆಗೋಲು ಮಾಡಿದೆವು.

ಪ್ರಶ್ನೆ ಕೇಳಿದ್ದ ಹುಡುಗಿ ಎಲ್ಲ ಕೇಳಿಸಿಕೊಂಡು ಏನೂ ಮಾತಾಡಲಿಲ್ಲ. ಟೋಪಿ ವಿಷಯ ಮಾತ್ರ ಎರಡು ಸಲ ಹೇಳಿಸಿಕೊಂಡಳು, ಸಕ್ಕರೆ ಎಷ್ಟು, ನೀರು ಎಷ್ಟು ಎಂದು. ನಮ್ಮ ಸ್ಟಾಫ್ ರೂಮಿನಲ್ಲಿ ಹಳೇ ಸ್ಕೌಟ್ ಟೋಪಿ ಒಂದು ಬಿದ್ದಿತ್ತು. ಒಂದು ಟೀ ಲೋಟ ಬಿಸಿನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಸವರಿ, ತಾರಸಿ ಮೇಲೆ ಒಣಗಿಸಿದರು. ಎರಡು ಗಂಟೆ ಬಿಸಿಲಿಗೆ ಅಂಚು ನಿಜವಾಗಿಯೂ ಗಟ್ಟಿಯಾಯಿತು. ಇಳಿಸಿಕೊಂಡು ಬರುವಾಗ ಕೆಂಪಿರುವೆ ಮುತ್ತಿತ್ತು. ಅವಳು ಒಂದೊಂದನ್ನೇ ಊದಿ ಓಡಿಸಿ ತಲೆಗೆ ಇಟ್ಟುಕೊಂಡಳು. ಉಳಿದವರೆಲ್ಲ ನಕ್ಕರೂ ಅವಳು ಮುಖ ಗಟ್ಟಿಯಾಗಿ ಇಟ್ಟುಕೊಂಡು ನಿಂತಿದ್ದಳು.

ಮುಂದಿನ ಶನಿವಾರ ‘ಒನ್ ವೀಕ್’ ಹಾಕುತ್ತೇನೆ.